ಐದು ಲೋಹಗಳ ನಡುವಿನ ಖಾಲಿ ಜಾಗ

ಉಪ್ಸಾಲಕ್ಕೆ ಹೋದವರು ಅವಳಿ ಗೋಪುರಗಳ ಕ್ಯಾಥೆಡ್ರಲ್ ನೋಡುತ್ತಾರೆ, ಅದರೊಳಗೆ ಮಣ್ಣಾಗಿರುವ ಲಿನೇಯಸನ ಸಮಾಧಿಯ ಮುಂದೆ ನಿಲ್ಲುತ್ತಾರೆ, ಅವನ ಸಸ್ಯತೋಟದಲ್ಲಿ ಅಡ್ಡಾಡಿ ಫ್ಯೂರಿಸ್ ಹೊಳೆಯ ದಂಡೆಯಲ್ಲಿ ಕಾಫಿ ಕುಡಿಯುತ್ತಾರೆ. ನಾನೂ ಅದನ್ನೆಲ್ಲ ಮಾಡಿದೆ. ಆದರೆ 1477ರಿಂದ ವಿಶ್ವವಿದ್ಯಾಲಯ ನಡೆಸುತ್ತಿರುವ ಸ್ವೀಡನ್ನಿನ ಈ ಊರಿಗೆ ನನ್ನನ್ನು ಎಳೆದು ತಂದದ್ದು ಒಂದು ಲೋಹದ ಬಿಲ್ಲೆ. ಟೈಟಾನಿಯಂ, ವನೇಡಿಯಂ, ಜಿರ್ಕೋನಿಯಂ, ನಿಯೋಬಿಯಂ, ಹಾಫ್ನಿಯಂ ಐದನ್ನೂ ಪರಮಾಣುವಿಗೆ ಪರಮಾಣು ಸಮವಾಗಿ ಬೆರೆಸಿ ಕರಗಿಸಿದ ಬಿಲ್ಲೆ ಅದು. ಕಲ್ಲಿನಷ್ಟು ಗಟ್ಟಿ. ಆದರೂ ಜಲಜನಕದ ಅನಿಲ ತಾಗಿಸಿದರೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ.

2016ರಲ್ಲಿ ಇಲ್ಲಿನ ಮಾರ್ಟಿನ್ ಸಾಲ್‌ಬೆರಿ ಮತ್ತು ಸಂಗಡಿಗರು, ಫ್ರಾನ್ಸಿನ ಕ್ಲಾಡಿಯಾ ಜ್ಲೊಟೆಯಾ ಅವರ ಜೊತೆ ಸೇರಿ, ಈ ಮಿಶ್ರಲೋಹದ ಬಗ್ಗೆ ಒಂದು ವರದಿ ಪ್ರಕಟಿಸಿದರು. ಪ್ರತಿ ಒಂದು ಲೋಹದ ಪರಮಾಣುವಿಗೆ ಎರಡೂವರೆ ಜಲಜನಕದ ಪರಮಾಣುಗಳು ಒಳಸೇರಿದವು ಎಂಬುದು ಅದರ ಸಾರ. ಈ ಐದರಲ್ಲಿ ಯಾವ ಲೋಹವನ್ನು ಒಂಟಿಯಾಗಿ ತೆಗೆದುಕೊಂಡರೂ ಎರಡರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಒಂಟಿಯಾಗಿ ಆಗದ್ದು ಐದು ಕೂಡಿದಾಗ ಹೇಗಾಯಿತು? ಅದನ್ನು ಓದಿದ ದಿನದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ.

ಪ್ರಯೋಗಾಲಯ ಊರಿನ ದಕ್ಷಿಣ ತುದಿಯಲ್ಲಿದೆ. ಹೆಸರು ಆಂಗ್‌ಸ್ಟ್ರಾಂ ಪ್ರಯೋಗಾಲಯ. ಆಂಡರ್ಸ್ ಯೋನಾಸ್ ಆಂಗ್‌ಸ್ಟ್ರಾಂ ಈ ಊರಿನಲ್ಲೇ ಪ್ರಾಧ್ಯಾಪಕನಾಗಿದ್ದವನು. ಸೂರ್ಯನ ಬೆಳಕನ್ನು ಬಿಡಿಸಿ ನೋಡಿ, ಅಲ್ಲಿ ಜಲಜನಕವಿದೆ ಎಂದು 1862ರಲ್ಲಿ ಸಾರಿದವನು. ಜಲಜನಕದ ರೋಹಿತ ರೇಖೆಗಳ ತರಂಗಾಂತರವನ್ನು ಅವನು ಎಷ್ಟು ನಿಖರವಾಗಿ ಅಳೆದಿದ್ದನೆಂದರೆ, ಮುಂದೆ 1885ರಲ್ಲಿ ಸ್ವಿಟ್ಜರ್ಲೆಂಡಿನ ಶಾಲಾ ಮೇಷ್ಟ್ರು ಬಾಮರ್ ಅದೇ ಅಂಕಿಗಳನ್ನು ಮುಂದಿಟ್ಟುಕೊಂಡು ತನ್ನ ಸೂತ್ರ ಕಂಡುಕೊಂಡ. ಒಂದು ಮೀಟರಿನ ಸಾವಿರ ಕೋಟಿಯ ಒಂದು ಪಾಲಿಗೆ ಇವತ್ತು ಅವನ ಹೆಸರೇ ಇದೆ. ನಾನು ನೋಡಲು ಬಂದ ಸಂಗತಿಯೆಲ್ಲ ನಡೆಯುವುದು ಆ ಅಳತೆಯಲ್ಲೇ. ಸೂರ್ಯನಲ್ಲಿ ಜಲಜನಕ ಕಂಡವನ ಹೆಸರಿನ ಕಟ್ಟಡದಲ್ಲಿ ಕೂತು ಅದೇ ಜಲಜನಕವನ್ನು ಲೋಹದೊಳಗೆ ಕೂರಿಸುತ್ತಿದ್ದಾರೆ ಎಂದು ನೆನೆದಾಗ, ಬಾಗಿಲ ಬಳಿಯೇ ನನ್ನ ಎದೆ ತುಂಬಿತ್ತು.

ಜಲಜನಕವನ್ನು ಕೂಡಿಡುವುದು ಯಾಕೆ ಅಷ್ಟು ಕಷ್ಟ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ತೂಕಕ್ಕೆ ಹೋಲಿಸಿದರೆ, ಉರಿಸುವ ಇಂಧನಗಳಲ್ಲಿ ಅದರಷ್ಟು ಶಕ್ತಿ ತುಂಬಿದ್ದು ಇನ್ನೊಂದಿಲ್ಲ. ಒಂದು ಕಿಲೋ ಜಲಜನಕದಲ್ಲಿ ಒಂದು ಕಿಲೋ ಪೆಟ್ರೋಲಿನ ಹೆಚ್ಚುಕಡಿಮೆ ಮೂರರಷ್ಟು ಶಕ್ತಿಯಿದೆ. ಆದರೆ ಮಾಮೂಲಿ ಒತ್ತಡದಲ್ಲಿ ಆ ಒಂದು ಕಿಲೋ ಹನ್ನೊಂದು ಘನಮೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಟೊಯೋಟಾ ಮಿರಾಯ್ ಕಾರಿನಲ್ಲಿ ಸುಮಾರು 5.6 ಕಿಲೋ ಜಲಜನಕವನ್ನು 700 ಬಾರ್ ಒತ್ತಡದಲ್ಲಿ ಇಂಗಾಲದ ನಾರಿನ ಟ್ಯಾಂಕಿಗೆ ತುರುಕುತ್ತಾರೆ. ಅಷ್ಟು ಒತ್ತಿದರೂ ಒಂದು ಘನಮೀಟರಿಗೆ ನಲವತ್ತು ಕಿಲೋ ಹಿಡಿಸುವುದೇ ಹೆಚ್ಚು. ದ್ರವ ಮಾಡೋಣವೆಂದರೆ ಸೊನ್ನೆಗಿಂತ 253 ಡಿಗ್ರಿ ಕೆಳಗೆ ಇಳಿಸಬೇಕು, ಅದಕ್ಕೇ ಜಲಜನಕದ ಶಕ್ತಿಯ ಮೂರನೇ ಒಂದು ಪಾಲು ಖರ್ಚಾಗುತ್ತದೆ. ಅಷ್ಟೆಲ್ಲ ಮಾಡಿ ಸಿಗುವುದು ಘನಮೀಟರಿಗೆ 71 ಕಿಲೋ.

ಈಗ ಟೈಟಾನಿಯಂ ಹೈಡ್ರೈಡ್ ನೋಡಿ. ಬರೀ ಬೂದು ಪುಡಿ, ಒತ್ತಡವಿಲ್ಲ, ಚಳಿಯಿಲ್ಲ. ಅದರ ಒಂದು ಘನಮೀಟರಿನೊಳಗೆ ಸುಮಾರು 150 ಕಿಲೋ ಜಲಜನಕವಿರುತ್ತದೆ. ದ್ರವರೂಪದ ಜಲಜನಕಕ್ಕಿಂತ ಎರಡು ಪಟ್ಟು ದಟ್ಟವಾಗಿ, ಜೊತೆಗೆ ಅಷ್ಟೂ ಟೈಟಾನಿಯಂ ಅದೇ ಜಾಗದಲ್ಲಿ ಇರುವಾಗಲೇ! ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನಂಬಿಕೆಯಾಗದೆ ಮತ್ತೆ ಮತ್ತೆ ಕೂಡಿ ಗುಣಿಸಿ ನೋಡಿದ್ದೇನೆ. ಇದರ ಗುಟ್ಟು ಇಷ್ಟೇ: ಅನಿಲದಲ್ಲೂ ದ್ರವದಲ್ಲೂ ಜಲಜನಕ ಜೋಡಿ ಪರಮಾಣುಗಳ ಅಣುವಾಗಿ ಇರುತ್ತದೆ, ಒಂದು ಜೋಡಿ ಇನ್ನೊಂದು ಜೋಡಿಯನ್ನು ದೂರವಿಡುತ್ತದೆ. ಲೋಹದ ಮೈ ತಾಗಿದೊಡನೆ ಜೋಡಿ ಒಡೆಯುತ್ತದೆ. ಬಿಡಿ ಪರಮಾಣುಗಳು ಲೋಹದ ಪರಮಾಣುಗಳ ಸಾಲಿನ ಸಂದಿಗಳಲ್ಲಿ ನುಸುಳಿ ಒಂದೊಂದಾಗಿ ನೆಲೆಸುತ್ತವೆ.

ಇದನ್ನು ಮೊದಲು ಕಂಡವನು ಥಾಮಸ್ ಗ್ರಹಾಂ, 1866ರಲ್ಲಿ, ಪಲ್ಲಾಡಿಯಂ ಲೋಹದಲ್ಲಿ. ತನ್ನ ಗಾತ್ರದ ನೂರಾರು ಪಟ್ಟು ಅನಿಲವನ್ನು ಅದು ನುಂಗುತ್ತದೆಂದು ಆತ ತೋರಿಸಿದ. ನೂರು ವರ್ಷ ಕಳೆದ ಮೇಲೆ ಹಾಲೆಂಡಿನ ಐಂಡ್‌ಹೋವನ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ, ಅಯಸ್ಕಾಂತದ ಮಿಶ್ರಲೋಹಗಳ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಲ್ಯಾಂಥನಂ ಮತ್ತು ನಿಕ್ಕಲ್ ಕೂಡಿದ ಲೋಹ ಇದೇ ಕೆಲಸವನ್ನು ಕೋಣೆಯ ಉಷ್ಣತೆಯಲ್ಲಿ ಮಾಡುತ್ತದೆಂದು ತಿಳಿಯಿತು. ಮುಂದೆ ಹೈಬ್ರಿಡ್ ಕಾರುಗಳಲ್ಲಿ ಬಂದ ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಅದೇ ಕುಲದ್ದು.

ನನ್ನನ್ನು ಒಳಗೆ ಕರೆದೊಯ್ದ ಯುವ ಸಂಶೋಧಕಿ ಮೊದಲು ನಿಲ್ಲಿಸಿದ್ದು ಆರ್ಕ್ ಕುಲುಮೆಯ ಮುಂದೆ. ಕುಲುಮೆ ಎಂದರೆ ಕಮ್ಮಾರಸಾಲೆಯ ಚಿತ್ರ ಬೇಡ. ಎರಡು ಕೈಗಳಿಂದ ಬಳಸಬಹುದಾದಷ್ಟು ಉಕ್ಕಿನ ಕೋಣೆ, ಅದಕ್ಕೊಂದು ಕಪ್ಪು ಗಾಜಿನ ಕಿಟಕಿ. ತಳದಲ್ಲಿ ತಾಮ್ರದ ಹರಿವಾಣ, ಅದರಲ್ಲಿ ಬಟ್ಟಲಿನಂಥ ಗುಳಿಗಳು, ಅಡಿಯಲ್ಲಿ ಸತತವಾಗಿ ತಣ್ಣೀರು. ಮೇಲಿನಿಂದ ಟಂಗ್‌ಸ್ಟನ್ ಕಡ್ಡಿ ಇಳಿಬಿದ್ದಿತ್ತು. ಗಾಳಿಯನ್ನೆಲ್ಲ ಹೀರಿ ತೆಗೆದು ಆರ್ಗಾನ್ ತುಂಬಿದರು. ಒಂದು ಗುಳಿಯಲ್ಲಿ ತೂಗಿಟ್ಟ ಐದು ಲೋಹಗಳ ತುಂಡು, ಪಕ್ಕದ ಗುಳಿಯಲ್ಲಿ ಬರೀ ಟೈಟಾನಿಯಂ. ಮೊದಲು ಕರಗಿಸುವುದು ಆ ಒಂಟಿ ಟೈಟಾನಿಯಂ ಅನ್ನು. ಅಳಿದುಳಿದ ಆಮ್ಲಜನಕವನ್ನೆಲ್ಲ ಅದು ತನ್ನ ಮೇಲೆ ಎಳೆದುಕೊಂಡು ಮಿಕ್ಕವನ್ನು ಕಾಪಾಡುತ್ತದೆ. ಆಮೇಲೆ ಕಡ್ಡಿಯನ್ನು ಈ ಕಡೆ ತಿರುಗಿಸಿದರು.

ಕಿಟಕಿಯಲ್ಲಿ ನೇರಳೆ ಅಂಚಿನ ಬಿಳಿ ಬೆಳಕು ಹೊತ್ತಿತು. ತುಂಡುಗಳ ಮೂಲೆಗಳು ಮೊದಲು ಕೆಂಪಾದವು, ಆಮೇಲೆ ಮೂಲೆಗಳೇ ಇಲ್ಲವಾದವು. ಟೈಟಾನಿಯಂ 1668 ಡಿಗ್ರಿಗೆ ಕರಗುತ್ತದೆ, ನಿಯೋಬಿಯಂಗೆ 2477 ಬೇಕು. ಹಾಗಾಗಿ ಒಂದು ತುಂಡು ಇನ್ನೂ ಗಟ್ಟಿಯಾಗಿ ತೇಲುತ್ತಿರುವಾಗ ಮಿಕ್ಕವು ಅದರ ಸುತ್ತ ಕುದಿದು ಸುಳಿಯುತ್ತಿದ್ದವು. ಕಡೆಗೆ ಅದೂ ಸೋತು ಒಳಗಾಯಿತು. ಬೆಳಕು ಆರಿದ ಮೇಲೆ ಗುಳಿಯಲ್ಲಿ ಉಳಿದದ್ದು ಹೊಳೆಯುವ ಒಂದು ಉಬ್ಬು ಬಿಲ್ಲೆ. ಇವರ ಮಾತಿನಲ್ಲಿ ಅದು ಬಟನ್. ಒಂದು ಸಲ ಕರಗಿದರೆ ಸಾಲದು. ಹಾಫ್ನಿಯಂ ಟೈಟಾನಿಯಂಗಿಂತ ಮೂರು ಪಟ್ಟು ಭಾರ, ತಳಕ್ಕೆ ಇಳಿಯುತ್ತದೆ. ಆದ್ದರಿಂದ ಕೋಣೆಯ ಬಾಗಿಲು ತೆರೆಯದೆ, ಹೊರಗಿನಿಂದಲೇ ಒಂದು ಸರಳಿನಲ್ಲಿ ಬಿಲ್ಲೆಯನ್ನು ಮಗುಚಿ ಮತ್ತೆ ಕರಗಿಸುತ್ತಾರೆ, ಮತ್ತೆ ಮಗುಚುತ್ತಾರೆ. ಬೆರೆತದ್ದು ಸಾಕೆಂದು ಮನಸ್ಸಿಗೆ ಒಪ್ಪುವವರೆಗೆ ಈ ಕೆಲಸ.

ಈ ಐದರಲ್ಲಿ ಎರಡು ಲೋಹ ಸ್ವೀಡನ್ನಿನ ಮಕ್ಕಳೇ ಎನ್ನಬೇಕು. ವನೇಡಿಯಂ ಅನ್ನು 1830ರಲ್ಲಿ ಟಾಬೆರಿಯ ಅದಿರಿನ ಕಬ್ಬಿಣದಲ್ಲಿ ಗುರುತಿಸಿದವನು ಸೆಫ್‌ಸ್ಟ್ರಾಂ. ಜಿರ್ಕೋನಿಯಂ ಲೋಹವನ್ನು 1824ರಲ್ಲಿ ಬೇರ್ಪಡಿಸಿದವನು ಇದೇ ಉಪ್ಸಾಲದಲ್ಲಿ ವೈದ್ಯಶಾಸ್ತ್ರ ಓದಿದ ಬರ್ಜೀಲಿಯಸ್. ಇಲ್ಲಿನ ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಲೇ ಶೀಲೆ ಆಮ್ಲಜನಕ ಕಂಡುಹಿಡಿದ. ಮೂಲಧಾತುಗಳ ಜೊತೆ ಇಷ್ಟು ಹಳೆಯ ಒಡನಾಟ ಇರುವ ಊರು ಬೇರೆ ಇದೆಯೋ ಇಲ್ಲವೋ!

ಪಕ್ಕದ ಕೋಣೆಯಲ್ಲಿ ಜಲಜನಕ ತಾಗಿಸುವ ಉಪಕರಣ. ಹೆಬ್ಬೆರಳ ಗಾತ್ರದ ಉಕ್ಕಿನ ಕೊಳವೆಯಲ್ಲಿ ಬಿಲ್ಲೆಯ ಚೂರುಗಳು. ನಿರ್ವಾತದಲ್ಲಿ ಕಾಯಿಸಿ ಮೇಲ್ಮೈ ಶುದ್ಧ ಮಾಡಿದ್ದರು. ಗೊತ್ತಿರುವ ಗಾತ್ರದ ಪಾತ್ರೆಯಲ್ಲಿ ಗೊತ್ತಿರುವ ಒತ್ತಡದ ಅನಿಲ; ಕವಾಟ ತೆರೆದ ಮೇಲೆ ಒತ್ತಡ ಎಷ್ಟು ಇಳಿಯಿತೋ ಅಷ್ಟು ಅನಿಲ ಲೋಹದೊಳಗೆ ಹೋಯಿತೆಂದು ಲೆಕ್ಕ. ವಿಧಾನ ಇಷ್ಟು ಸರಳ. ಸಂಶೋಧಕಿ ಕವಾಟ ತಿರುಗಿಸಿದರು. ಪರದೆಯ ಮೇಲಿನ ಒತ್ತಡದ ಅಂಕಿ ಕೊಂಚ ಹೊತ್ತು ಕದಲಲಿಲ್ಲ. ಆಮೇಲೆ ಕೊನೆಯ ಅಂಕ ನಡುಗಿತು, ಇಳಿಯತೊಡಗಿತು, ಇಳಿಯುತ್ತಲೇ ಹೋಯಿತು. ಅದರ ಪಕ್ಕದಲ್ಲಿ ಉಷ್ಣತೆಯ ಗೆರೆ ಮೇಲೇರುತ್ತಿತ್ತು, ಏಕೆಂದರೆ ಲೋಹ ಜಲಜನಕವನ್ನು ಒಳಗೊಳ್ಳುವಾಗ ಬಿಸಿ ಹೊರಬಿಡುತ್ತದೆ. ಸೋರಿಕೆ ಇಲ್ಲ, ಸದ್ದಿಲ್ಲ, ಕೊಳವೆ ಅಲುಗುವುದೂ ಇಲ್ಲ. ಕಣ್ಣೆದುರಿಗೇ ಅನಿಲ ಘನದೊಳಗೆ ಹೋಗುತ್ತಿದೆ! ನಾನು ಪರದೆಯಿಂದ ಕಣ್ಣು ತೆಗೆಯಲಾರದೆ ಕೂತೆ.

ಮುಂಚೆ ಜಲಜನಕ ಕುಡಿದಿದ್ದ ಮಾದರಿಯೊಂದನ್ನು ಗಾಜಿನ ಸೀಸೆಯಲ್ಲಿ ತೋರಿಸಿದರು. ಬಿಲ್ಲೆಯ ಹೊಳಪು ಸ್ವಲ್ಪವೂ ಉಳಿದಿರಲಿಲ್ಲ. ಒಳಗೆ ಬಂದ ಪರಮಾಣುಗಳಿಗೆ ಎಡೆ ಮಾಡಿಕೊಡುತ್ತ ಜಾಲ ಹಿಗ್ಗಿ, ಲೋಹ ತನ್ನಷ್ಟಕ್ಕೇ ಬಿರಿದು ಬೂದು ಪುಡಿಯಾಗಿತ್ತು. ಉಕ್ಕಿನ ಸೇತುವೆಗಳಿಗೆ, ಕೊಳವೆಗಳಿಗೆ ಜಲಜನಕವೆಂದರೆ ಎಂಜಿನಿಯರುಗಳು ಹೆದರುವುದು ಇಂಥ ಬಿರುಕಿಗೇ. ಇಲ್ಲಿ ಬಿರುಕೇ ಬೇಕು. ಪುಡಿಯಾದಷ್ಟೂ ಅನಿಲಕ್ಕೆ ದಾರಿ ಹೆಚ್ಚು.

ಇನ್ನು ಆ ಎರಡೂವರೆಯ ಮಾತು. ಹೈಡ್ರೈಡ್ ಆದಾಗ ಇಂಥ ಲೋಹಗಳ ಪರಮಾಣುಗಳು ಜೋಡಿಸಿಕೊಳ್ಳುವ ರೀತಿಯಲ್ಲಿ ಎರಡು ಬಗೆಯ ಸಂದಿಗಳಿವೆ. ನಾಲ್ಕು ಪರಮಾಣುಗಳ ನಡುವಿನ ಚಿಕ್ಕ ಸಂದಿ, ಆರು ಪರಮಾಣುಗಳ ನಡುವಿನ ದೊಡ್ಡ ಸಂದಿ. ಚಿಕ್ಕವು ಲೋಹದ ಒಂದು ಪರಮಾಣುವಿಗೆ ಎರಡು, ದೊಡ್ಡವು ಒಂದು. ಚಿಕ್ಕವೆಲ್ಲ ತುಂಬಿದರೆ ಲೆಕ್ಕ ಎರಡಕ್ಕೆ ಬರುತ್ತದೆ. ಟೈಟಾನಿಯಂ, ಜಿರ್ಕೋನಿಯಂ ಅಲ್ಲಿಗೆ ನಿಲ್ಲುತ್ತವೆ. ದೊಡ್ಡ ಸಂದಿ ಖಾಲಿಯೇ ಇದ್ದರೂ ಅಲ್ಲಿಗೆ ಹೋದ ಜಲಜನಕ ಚಿಕ್ಕ ಸಂದಿಯದಕ್ಕೆ ತೀರ ಹತ್ತಿರವಾಗುತ್ತದೆ. ಲೋಹದೊಳಗೆ ಎರಡು ಜಲಜನಕಗಳು 2.1 ಆಂಗ್‌ಸ್ಟ್ರಾಂಗಿಂತ ಹತ್ತಿರ ಬರಲೊಲ್ಲವು ಎಂಬುದು ಈ ಶಾಸ್ತ್ರದಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ.

ಐದು ಲೋಹ ಬೆರೆಸಿದಾಗ ಆಗುವುದೇ ಬೇರೆ. ವನೇಡಿಯಂ ಪರಮಾಣುವಿನ ತ್ರಿಜ್ಯ ಸುಮಾರು 1.34 ಆಂಗ್‌ಸ್ಟ್ರಾಂ, ಜಿರ್ಕೋನಿಯಂನದು 1.60. ಒಂದೇ ಅಚ್ಚಿನ ಇಟ್ಟಿಗೆಯಲ್ಲಿ ಕಟ್ಟಿದ ಗೋಡೆಯಲ್ಲಿ ಸಂದಿಗಳೆಲ್ಲ ಒಂದೇ ಸಮ. ಹೊಲದಂಚಿನಲ್ಲಿ ಸಿಕ್ಕಸಿಕ್ಕ ಕಾಡುಗಲ್ಲು ಪೇರಿಸಿದ ಪೌಳಿಯಲ್ಲಿ ಒಂದು ಸಂದಿಗೆ ಬೆರಳೂ ತೂರದು, ಇನ್ನೊಂದರಲ್ಲಿ ಓತಿಕ್ಯಾತ ಮನೆ ಮಾಡಿರುತ್ತದೆ. ಈ ಲೋಹವೂ ಹಾಗೆ. ಯಾವ ಪರಮಾಣು ಎಲ್ಲಿ ಕೂರಬೇಕೆಂಬ ಕಟ್ಟಳೆಯಿಲ್ಲ, ಆದ್ದರಿಂದ ಜಾಲವೆಲ್ಲ ಅಲ್ಲಲ್ಲಿ ಸೆಟೆದು, ಅಲ್ಲಲ್ಲಿ ಹಿಗ್ಗಿ ನಿಂತಿರುತ್ತದೆ. ಆ ಸೆಟೆತದಿಂದಾಗಿ ದೊಡ್ಡ ಸಂದಿಗಳೂ ಜಲಜನಕಕ್ಕೆ ತೆರೆದುಕೊಂಡವು ಎಂದು ಉಪ್ಸಾಲದವರು ವಿವರಿಸಿದರು. ಅದನ್ನು ನೋಡಿ ಹೇಳುವುದೂ ಸುಲಭವಲ್ಲ. ಎಕ್ಸ್ ಕಿರಣ ಕಾಣುವುದು ಎಲೆಕ್ಟ್ರಾನುಗಳನ್ನು. ಹಾಫ್ನಿಯಂಗೆ 72, ಜಲಜನಕಕ್ಕೆ ಒಂದೇ ಒಂದು. ಅದಕ್ಕೇ ಮಾಮೂಲಿ ಜಲಜನಕದ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ತುಂಬಿ ನ್ಯೂಟ್ರಾನುಗಳನ್ನು ಹಾಯಿಸುತ್ತಾರೆ. ನ್ಯೂಟ್ರಾನು ಪರಮಾಣುವಿನ ನಡುಬೀಜವನ್ನೇ ತಟ್ಟಿ ಬರುತ್ತದೆ. 2018ರಲ್ಲಿ ಪ್ರಕಟವಾದ ಅಂಥ ಅಧ್ಯಯನ ಎರಡೂ ಬಗೆಯ ಸಂದಿಗಳಲ್ಲಿ ಜಲಜನಕವಿದೆ ಎಂದಿತು. 500 ಡಿಗ್ರಿಯಲ್ಲಿ ಮತ್ತೆ ಮತ್ತೆ ತುಂಬಿ ಬರಿದು ಮಾಡಿದರೂ ಲೋಹ ಕೆಡಲಿಲ್ಲ ಎಂದೂ ಹೇಳಿತು.

ಹೀಗೆ ಹಲವು ಲೋಹಗಳನ್ನು ಸಮಸಮವಾಗಿ ಬೆರೆಸುವ ಯೋಚನೆ ಹಳೆಯದಲ್ಲ. ಕಂಚಿನ ಕಾಲದಿಂದಲೂ ಮನುಷ್ಯ ಒಂದು ಲೋಹವನ್ನು ಯಜಮಾನನಾಗಿ ಇಟ್ಟು ಮಿಕ್ಕದ್ದನ್ನು ಚಿಟಿಕೆಯಷ್ಟೇ ಹಾಕುತ್ತ ಬಂದ. ಇಂಗ್ಲೆಂಡಿನಲ್ಲಿ ಬ್ರಯನ್ ಕ್ಯಾಂಟರ್ ತಮ್ಮ ವಿದ್ಯಾರ್ಥಿಯ ಜೊತೆ 1981ರ ಹೊತ್ತಿಗೇ ಇಪ್ಪತ್ತು ಧಾತುಗಳನ್ನು ಶೇಕಡಾ 5ರಂತೆ ಸೇರಿಸಿ ಕರಗಿಸಿ ನೋಡಿದ್ದರು. ತೈವಾನಿನ ಯೆ ಜ್ಯೆನ್-ವೇ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದರು. ಇಬ್ಬರ ಮುಖ್ಯ ಬರಹಗಳೂ 2004ರಲ್ಲಿ ಬಂದವು, ಹೈ ಎಂಟ್ರೊಪಿ ಮಿಶ್ರಲೋಹ ಎಂಬ ಹೆಸರು ನಿಂತಿತು. ಆದರೆ ಅದಕ್ಕೂ ಮುಂಚೆ, 2003ರಲ್ಲಿ, ಈ ಬಹುಲೋಹಗಳ ಹೊಸ ಲೋಕವನ್ನು ಸಂಭ್ರಮದಿಂದ ಪರಿಚಯಿಸಿದ ಬರಹವೊಂದು ಬಂದದ್ದು ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಬರೆದವರು ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರಜ್ಞ ಎಸ್. ರಂಗನಾಥನ್. ಮುಂದೆ ಬಿ.ಎಸ್. ಮೂರ್ತಿ ಮತ್ತು ಯೆ ಅವರ ಜೊತೆ ಅವರು ಬರೆದ ಗ್ರಂಥ 2014ರಲ್ಲಿ ಹೊರಬಂತು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ನಾವು ಕರೆಯುವ ಆ ಸಂಸ್ಥೆಯ ಮರಗಳ ನೆರಳಲ್ಲಿ ಓಡಾಡಿದ ಎಷ್ಟು ಜನರಿಗೆ ಇದು ಗೊತ್ತಿದೆ? ಗೊತ್ತಿರಬೇಕು ಎಂಬುದು ನನ್ನ ಆಸೆ.

ಉಪ್ಸಾಲದಿಂದ ನಾನು ಹೊರಟದ್ದು ನಾರ್ವೆಗೆ. ಸ್ಟಾಕ್‌ಹೋಮಿನಿಂದ ಆಸ್ಲೋಗೆ ರೈಲು, ದಾರಿಯುದ್ದಕ್ಕೂ ಸರೋವರ, ಕಾಡು, ಮತ್ತೆ ಸರೋವರ. ಆಸ್ಲೋದಿಂದ ಸ್ವಲ್ಪವೇ ದೂರದ ಲಿಲ್ಲೆಸ್ಟ್ರೋಮ್‌ನಲ್ಲಿ ಇಳಿದರೆ ಪಕ್ಕದಲ್ಲೇ ಶೆಲ್ಲರ್. ಪರಮಾಣು ಶಕ್ತಿಯ ಕಾಲ ಆಗತಾನೆ ಶುರುವಾಗಿದ್ದ 1951ರಲ್ಲೇ ಇಲ್ಲಿ ರಿಯಾಕ್ಟರು ನಡೆದಿತ್ತು. ಅದರ ತಮ್ಮನಾದ ಜೀಪ್-2 ದಶಕಗಳ ಕಾಲ ಲೋಹದ ಹೈಡ್ರೈಡುಗಳ ಒಳಗನ್ನು ತೋರಿಸುವ ನ್ಯೂಟ್ರಾನುಗಳನ್ನು ಕೊಟ್ಟು 2019ರಲ್ಲಿ ಕಾಯಂ ಆಗಿ ಮುಚ್ಚಿತು.

ನನ್ನನ್ನು ಇಲ್ಲಿಗೆ ತಂದದ್ದು ಶೆಲ್ಲರಿನ ಸಂಶೋಧಕರು 2019ರಲ್ಲಿ ಉಪ್ಸಾಲದವರನ್ನೂ ಸೇರಿಸಿಕೊಂಡು ಬರೆದ ಎರಡು ವರದಿಗಳು. ಜಾಲದ ಸೆಟೆತವೇ ಕಾರಣವಾದರೆ, ಸೆಟೆತ ಹೆಚ್ಚಿಸುತ್ತ ಹೋದಂತೆ ಜಲಜನಕವೂ ಹೆಚ್ಚಬೇಕಲ್ಲವೇ? ಅವರು ಬೇರೆ ಬೇರೆ ಸೆಟೆತದ ಮಿಶ್ರಲೋಹಗಳನ್ನು ಮಾಡಿ ನೋಡಿದರು. ಹೆಚ್ಚಲಿಲ್ಲ. ಎಲ್ಲವೂ ಎರಡರ ಹತ್ತಿರವೇ ನಿಂತವು. ಆಮೇಲೆ 2021ರಲ್ಲಿ ಉಪ್ಸಾಲದವರೇ ಆ ಐದು ಲೋಹಗಳ ಪಾಲನ್ನು ಬದಲಿಸುತ್ತ 21 ಮಿಶ್ರಲೋಹಗಳನ್ನು ಕರಗಿಸಿ ಅಳೆದರು. ಸಿಕ್ಕ ಗರಿಷ್ಠ 2.0. ಎರಡೂವರೆ ಒಂಟಿಯಾಗಿಯೇ ಉಳಿದಿದೆ. ಇದನ್ನು ತಿಳಿದಾಗ ನನಗೆ ಬೇಸರವಾಗಲಿಲ್ಲ. ತಮ್ಮದೇ ವಿವರಣೆಯನ್ನು ತಾವೇ ಒರೆಗೆ ಹಚ್ಚುವ ಈ ಜನರ ಮೇಲೆ ಗೌರವ ಹೆಚ್ಚಾಯಿತು.

ಒರೆಗೆ ಹಚ್ಚಿದ್ದರಿಂದ ಸಿಕ್ಕದ್ದು ಇನ್ನೂ ದೊಡ್ಡದು. ಶೆಲ್ಲರಿನವರು ಸಂದಿಗಳ ಗಾತ್ರ ಬಿಟ್ಟು ಎಲೆಕ್ಟ್ರಾನುಗಳನ್ನು ಎಣಿಸಿದರು. ಟೈಟಾನಿಯಂ, ಜಿರ್ಕೋನಿಯಂ, ಹಾಫ್ನಿಯಂ ಹೊರಕವಚದ ನಾಲ್ಕು ಎಲೆಕ್ಟ್ರಾನುಗಳನ್ನು ತರುತ್ತವೆ, ವನೇಡಿಯಂ, ನಿಯೋಬಿಯಂ ಐದನ್ನು, ಕ್ರೋಮಿಯಂ ಆರನ್ನು. ಉಪ್ಸಾಲದ ಬಿಲ್ಲೆಯ ಸರಾಸರಿ 4.4. ಈ ಸರಾಸರಿ ಕಡಿಮೆಯಿದ್ದರೆ ಲೋಹ ಜಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ, ಬಿಡಿಸಲು ನೂರಾರು ಡಿಗ್ರಿ ಕಾಯಿಸಬೇಕು. ಸರಾಸರಿ ಏರಿದಂತೆ ಹಿಡಿತ ಸಡಿಲವಾಗುತ್ತ ಬರುತ್ತದೆ. ಟೈಟಾನಿಯಂ, ವನೇಡಿಯಂ, ಕ್ರೋಮಿಯಂ, ನಿಯೋಬಿಯಂ ನಾಲ್ಕನ್ನು ಸಮವಾಗಿ ಬೆರೆಸಿದರೆ ಸರಾಸರಿ ಸರಿಯಾಗಿ 5. ಅದು ಕೋಣೆಯ ಉಷ್ಣತೆಯ ಆಸುಪಾಸಿನಲ್ಲೇ ಜಲಜನಕವನ್ನು ಕೊಟ್ಟು ತೆಗೆದುಕೊಳ್ಳುತ್ತದೆ. ಪ್ರಾಥಮಿಕ ಶಾಲೆಯ ಮಗು ಮಾಡುವ ಸರಾಸರಿ ಲೆಕ್ಕ, ಅದರಿಂದ ಲೋಹದ ಮುಷ್ಟಿ ಎಷ್ಟು ಬಿಗಿ ಎಂದು ಮುಂಚಿತವಾಗಿ ಹೇಳಬಹುದು! ಈ ಪಯಣದಲ್ಲಿ ನಾನು ಕಂಡ ಅತಿ ದೊಡ್ಡ ಬೆರಗು ಇದೇ. ಇಂಥ ಲೆಕ್ಕಗಳನ್ನೇ ಹಿಗ್ಗಿಸಿ, ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ, ಉಪ್ಸಾಲ, ನಾಟಿಂಗ್‌ಹ್ಯಾಂಗಳ ಸಂಶೋಧಕರು ಕಂಪ್ಯೂಟರಿಗೆ ಕಲಿಸಿ, ಅದು ಸೂಚಿಸಿದ ಮಿಶ್ರಲೋಹಗಳನ್ನು ನಿಜಕ್ಕೂ ಕರಗಿಸಿ ನೋಡಿದ್ದಾರೆ.

ತೂಕದ ತೊಡಕು ಮಾತ್ರ ಉಳಿದೇ ಇದೆ. ಎರಡೂವರೆ ಎಂದರೂ ಉಪ್ಸಾಲದ ಲೋಹದಲ್ಲಿ ತೂಕದ ಶೇಕಡಾ 2.7ರಷ್ಟು ಮಾತ್ರ ಜಲಜನಕ. ಮಿರಾಯ್ ಕಾರಿನ 5.6 ಕಿಲೋ ಹೊರಲು ಇನ್ನೂರು ಕಿಲೋಗೂ ಮಿಕ್ಕಿ ಲೋಹ ಬೇಕು, ಅದರಲ್ಲಿ ಹಾಫ್ನಿಯಂನಂಥ ದುಬಾರಿ ಧಾತು. ಆದ್ದರಿಂದ ಕಾರಿನ ಕನಸನ್ನು ಸದ್ಯಕ್ಕೆ ಬದಿಗಿಡುವುದೇ ಸರಿ ಎಂದು ನನಗನ್ನಿಸುತ್ತದೆ. ಭಾರ ತೊಂದರೆಯಲ್ಲದ ಕಡೆ ಹೈಡ್ರೈಡ್ ಈಗಾಗಲೇ ದುಡಿಯುತ್ತಿದೆ. ಜರ್ಮನಿಯ 212ಎ ವರ್ಗದ ಜಲಾಂತರ್ಗಾಮಿಗಳು ಜಲಜನಕವನ್ನು ಹೊತ್ತೊಯ್ಯುವುದು ಲೋಹದ ಹೈಡ್ರೈಡ್ ತುಂಬಿದ ಸಿಲಿಂಡರುಗಳಲ್ಲಿ. ಹಗಲಿನ ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು, ಬಂದ ಜಲಜನಕವನ್ನು ರಾತ್ರಿಗೆ ಇಡಬೇಕಾದ ಕಟ್ಟಡಕ್ಕೆ ತೂಕದ ಚಿಂತೆಯೇನಿಲ್ಲ. 700 ಬಾರ್ ಒತ್ತಡದ ಟ್ಯಾಂಕು ಪಕ್ಕದಲ್ಲಿಲ್ಲ ಎಂಬ ನೆಮ್ಮದಿ ಬೇರೆ.

ಇನ್ನು ನಾನು ನೋಡಬೇಕಾದದ್ದು ಜಪಾನಿನ ಫುಕುವೊಕ. ಅಲ್ಲಿನ ಕ್ಯೂಶು ವಿಶ್ವವಿದ್ಯಾಲಯದ ಕಾವೆ ಎಡಲತಿ ಮತ್ತು ಬ್ರೆಜಿಲ್ಲಿನ ಸಂಗಡಿಗರು 2020ರಲ್ಲಿ ಟೈಟಾನಿಯಂ, ಜಿರ್ಕೋನಿಯಂ, ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ನಿಕ್ಕಲ್ ಆರನ್ನು ಬೆರೆಸಿದ ಲೋಹವನ್ನು ಹೊರತಂದರು. ಹಿಡಿಯುವುದು ತೂಕದ ಶೇಕಡಾ 1.7 ಮಾತ್ರ. ಆದರೆ ಮುಂಚೆ ಕಾಯಿಸಿ ಸಿದ್ಧಪಡಿಸುವ ಗೊಡವೆಯಿಲ್ಲದೆ, ಕೋಣೆಯ ಉಷ್ಣತೆಯಲ್ಲಿ, ಒಂದೇ ನಿಮಿಷದಲ್ಲಿ ತುಂಬಿಕೊಳ್ಳುತ್ತದೆ, ಅಷ್ಟೇ ಸಲೀಸಾಗಿ ಬಿಟ್ಟುಕೊಡುತ್ತದೆ. ಹಾಫ್ನಿಯಂ ಇಲ್ಲ, ನಿಯೋಬಿಯಂ ಇಲ್ಲ. ಕಬ್ಬಿಣ, ಮ್ಯಾಂಗನೀಸುಗಳಂಥ ಅಗ್ಗದ ಲೋಹಗಳೂ ಅದರಲ್ಲಿವೆ. ಜಿರ್ಕೋನಿಯಂ ಪಾಲನ್ನು ಎಷ್ಟರವರೆಗೆ ಇಳಿಸಿದರೂ ಆ ಒಂದು ನಿಮಿಷ ಒಂದು ನಿಮಿಷವಾಗಿಯೇ ಉಳಿಯುತ್ತದೆ ಎಂದು ಅವರನ್ನು ಕೇಳಬೇಕು.